ಹುಷಾರಣ್ಣ ತನ್ನ ಮನೆ ಬದಲಿಸಿದ್ದು

'ಹುಷಾರಣ್ಣನಿಗೆ ಹುಷಾರಿಲ್ಲ' ಎಂದು ಅವನ ಹೆಂಡತಿ ಫೋನಿನಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ. ಆ ಕಡೆಯಿಂದ ಅವರೂ ನಕ್ಕರು. ಆ ಮಾತೇ ಹಾಗೆ, ಕೇಳಿದವರು ನಗದೆ ಇರಲು ಆಗುತ್ತಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಅವನು ಅದನ್ನು ಹೇಳಿ ನರ್ಸಮ್ಮನನ್ನೂ ನಗಿಸಿದ್ದನಂತೆ. ಅವನ ಹೃದಯದ ಕಾಯಿಲೆಗೆ ಮಾತ್ರ ಹಾಸ್ಯ ಅರ್ಥವಾಗಲಿಲ್ಲ. ವಾರ ಕಳೆಯುವುದರೊಳಗೆ ಅವನು ಹೋಗಿಬಿಟ್ಟ.

ಅವನ ಕಸುಬು ಮನೆ ಸಾಮಾನು ಸಾಗಿಸುವುದು. ಒಂದು ಹಳೆಯ ಲಾರಿ, ಹಗ್ಗದ ಸುರುಳಿಗಳು, ಗೀರು ಬೀಳದಂತೆ ಹೊದಿಸಲು ಹಳೆ ಕಂಬಳಿಗಳು, ಜೊತೆಗೆ ಹೆಂಡತಿಯ ತಮ್ಮ. ಮಂಚ ಎತ್ತಲಿ, ದಿಂಬು ಎತ್ತಲಿ, 'ಹುಷಾರು, ಹುಷಾರು' ಎನ್ನದೆ ಅವನ ಕೈ ಮೇಲೇಳುತ್ತಿರಲಿಲ್ಲ. ಹಾಗಾಗಿ ಹುಷಾರಣ್ಣನಾದ. ನಿಜವಾದ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವ ಕೆಲಸ. ಅದಕ್ಕೆ ತಕ್ಕ ಕನ್ನಡಕವಿದೆ, ಕುರ್ಚಿಯ ಆಕಾರಕ್ಕೆ ಬಾಗಿದ ಬೆನ್ನಿದೆ. ಹುಷಾರಣ್ಣ ಅದನ್ನೆಲ್ಲ ನೋಡಿ ಮೊದಲ ದಿನವೇ ನನ್ನನ್ನು 'ಮೇಷ್ಟ್ರೇ' ಎಂದ. ನಾನು ಮೇಷ್ಟ್ರಲ್ಲ ಎಂದು ಎಷ್ಟೋ ಸಲ ತಿದ್ದಿದೆ. ನನ್ನ ವೃತ್ತಿಜೀವನದಲ್ಲಿ ಉಳಿದುಹೋದ ತಪ್ಪುಗಳಲ್ಲಿ ಅದೂ ಒಂದು.

ಆ ಮೊದಲ ದಿನ ಅವನು ಬಂದದ್ದು ನನ್ನ ಪುಸ್ತಕ ಸಾಗಿಸಲು. ಪೆಟ್ಟಿಗೆಗಳ ಸಾಲು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ.

"ಇಷ್ಟನ್ನೂ ಓದಿದೀರಾ ಮೇಷ್ಟ್ರೇ?"

"ಹೆಚ್ಚುಕಡಿಮೆ ಎಲ್ಲ ಓದಿದೀನಿ."

"ಓದಿ ಮುಗಿದ ಮೇಲೂ ಯಾಕೆ ಹೊರ್ತೀರಾ?"

ನಾನು ಮಾತು ತಪ್ಪಿಸಿ ಪುಸ್ತಕದ ಕಪಾಟಿನ ಕಡೆ ನಡೆದೆ. ಕಪಾಟಿನ ಒಂದು ತುದಿ ನಾನು ಹಿಡಿಯುತ್ತೇನೆಂದು ಉತ್ಸಾಹ ತೋರಿಸಿದಾಗ ಅವನು ತನ್ನ ವಿದ್ಯೆಯನ್ನು ಒಂದೇ ಮಾತಿನಲ್ಲಿ ಕಲಿಸಿಕೊಟ್ಟ. "ಎದುರಿಗಿರೋನು 'ಹಿಡಿದೆ, ಬಿಡು' ಅನ್ನೋವರೆಗೂ ಬಿಡಬಾರದು. ಅಷ್ಟೇ." ನಾನು ತಲೆಯಾಡಿಸಿದೆ, ಮೂಗಿನ ಮೇಲೆ ಜಾರಿದ ಕನ್ನಡಕ ಸರಿಮಾಡಲು ಕೈ ಬಿಟ್ಟೆ. ಆ ಕಪಾಟಿನ ಒಂದು ಕಾಲಿನ ಜಾಗದಲ್ಲಿ ಇವತ್ತಿಗೂ ಇಟ್ಟಿಗೆಯಿದೆ. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಊರವರ ಮನೆಗಳನ್ನೆಲ್ಲ ಬದಲಿಸಿಕೊಟ್ಟ ಹುಷಾರಣ್ಣ ತನ್ನ ಮನೆ ಬದಲಿಸಬೇಕಾಗಿ ಬಂದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ಇದ್ದ ಮನೆಯ ಮಾಲೀಕರಿಗೆ ಮನೆ ಬೇಕಾಗಿತ್ತು. ಹೊಸ ಮನೆ ಸಿಕ್ಕಿದ್ದು ಕಾಲುವೆಯ ಆಚೆ ದಡದಲ್ಲಿ. ಅವನು ಒಳಗೆ ಕೂಡ ಹೋಗದೆ ಹೊಸ್ತಿಲಲ್ಲೇ ಎರಡು ಕೈ ಚಾಚಿ ನಿಂತ. ಬೆರಳ ತುದಿಗೂ ಬಾಗಿಲಿನ ಚೌಕಟ್ಟಿಗೂ ನಡುವೆ ಇನ್ನೂ ಜಾಗವಿತ್ತು.

"ಬಾಗಿಲು ನೋಡಿದ್ರಾ ಮೇಷ್ಟ್ರೇ? ಮೂರು ಬಾಗಿಲಿನ ಬೀರು ಅಡ್ಡ ತಿರುಗಿಸದೆ ನೇರವಾಗಿ ಹೋಗತ್ತೆ."

"ನಿನ್ನ ಹತ್ರ ಮೂರು ಬಾಗಿಲಿನ ಬೀರು ಎಲ್ಲಿದೆ?"

"ಇಲ್ಲ. ಆದ್ರೂ ಹೋಗತ್ತೆ."

ನಾನಾದರೂ ಬುದ್ಧಿವಂತನಂತೆ ನಡೆದುಕೊಂಡೆನೇ? ಮುಂದಿನ ಕೋಣೆಯ ಗೋಡೆಯಲ್ಲಿ ಪುಸ್ತಕ ಇಡುವಂಥ ಗೂಡುಗಳಿದ್ದವು. ಅವುಗಳ ಮುಂದೆ ನಿಂತು, ಪುಸ್ತಕವೇ ಇಲ್ಲದ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲವೆಂದು ತೀರ್ಪು ಕೊಟ್ಟೆ. ಅವನು ಬಾಗಿಲು ನೋಡಿ ಒಪ್ಪಿದ, ನಾನು ಗೂಡು ನೋಡಿ ಒಪ್ಪಿದೆ. ನೀರು ಬರುತ್ತದೆಯೇ ಎಂದು ನಲ್ಲಿ ತಿರುಗಿಸಿ ನೋಡಿದ್ದು ಜೊತೆಗೆ ಬಂದಿದ್ದ ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು. ಈ ಮನೆ ಯಾವ ಶಾಲೆಯ ವ್ಯಾಪ್ತಿಗೆ ಸೇರುತ್ತದೆ ಎಂದು ಕೇಳುವುದು ಮೂವರಿಗೂ ಹೊಳೆಯಲಿಲ್ಲ.

ಸಾಮಾನೆಲ್ಲ ಇಳಿಸಿಯಾದ ಮೇಲೆ ಅದು ಗೊತ್ತಾಯಿತು. ಹುಷಾರಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಾಲುವೆಯ ಈಚೆಯ ಪ್ರಾಥಮಿಕ ಶಾಲೆಯಲ್ಲಿ ಆಗಲೇ ಓದುತ್ತಿದ್ದಳು. ಚಿಕ್ಕವಳು ಆ ವರ್ಷ ಒಂದನೇ ತರಗತಿಗೆ ಸೇರಬೇಕಿತ್ತು. ಓದುತ್ತಿರುವವರನ್ನು ಶಾಲೆ ಹೊರಗೆ ಹಾಕುವುದಿಲ್ಲ, ಆದರೆ ಹೊಸದಾಗಿ ಸೇರುವವರ ಮನೆ ವ್ಯಾಪ್ತಿಯೊಳಗೇ ಇರಬೇಕು. ಆ ವ್ಯಾಪ್ತಿ ಕಾಲುವೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಚಿಕ್ಕವಳಿಗೆ ಸಿಗುವ ಶಾಲೆ ತೀರಾ ಇನ್ನೊಂದು ದಿಕ್ಕಿನಲ್ಲಿ. ಎರಡೂ ಕಡೆ ಗಂಟೆ ಹೊಡೆಯುವುದು ಒಂದೇ ಹೊತ್ತಿಗೆ. ಅತ್ತಿಗೆ ಬೇಕರಿಯಲ್ಲಿ ಬೆಳಗಿನ ಪಾಳಿಯ ಕೆಲಸಕ್ಕೆ ಮಕ್ಕಳು ಏಳುವ ಮೊದಲೇ ಹೋಗಿಬಿಡುತ್ತಿದ್ದರು. ಅಂದರೆ ಇರುವುದು ಎರಡು ಗೇಟು, ಒಬ್ಬ ಅಪ್ಪ.

ಇದು ದೊಡ್ಡವರ ಕಷ್ಟ. ಚಿಕ್ಕವಳ ಕಷ್ಟ ಬೇರೆ. ಅಕ್ಕನನ್ನು ಕರೆತರಲು ದಿನವೂ ಅಪ್ಪನ ಜೊತೆ ಹೋಗುತ್ತಿದ್ದ ಅವಳು ಒಂದನೇ ತರಗತಿಯ ಜಗಲಿಯಲ್ಲಿ ಚೀಲ ತೂಗುಹಾಕುವ ಕೊಕ್ಕೆಯನ್ನು ಆಗಲೇ ಆರಿಸಿಕೊಂಡಿದ್ದಳು. ಓದಲು ಬಾರದ ಮಕ್ಕಳಿಗಾಗಿ ಪ್ರತಿ ಕೊಕ್ಕೆಯ ಮೇಲೂ ಒಂದೊಂದು ಚಿತ್ರವಿತ್ತು. ಇವಳದು ಆಮೆ. "ನಮ್ಮ ಕಸುಬಿಂದೇ ಪ್ರಾಣಿ. ಮನೆ ಹೊತ್ಕೊಂಡು ತಿರುಗತ್ತೆ" ಎಂದು ಅಪ್ಪನೇ ಶಿಫಾರಸು ಮಾಡಿದ್ದು. ಬೇರೆ ಶಾಲೆ ಎಂದ ಕೂಡಲೇ ಅವಳು ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಆಮೆ ಇದೆಯಾ ಎಂದು. ಹುಷಾರಣ್ಣ ಸುಳ್ಳು ಹೇಳಲಾರದೆ ಲಾರಿಯ ಕೆಳಗೆ ಏನೋ ರಿಪೇರಿಯಿದೆ ಎಂದು ನುಸುಳಿಕೊಂಡ.

ಸಂಜೆ ನನ್ನ ಹತ್ತಿರ ಬಂದ.

"ಒಳಗಿರೋದನ್ನ ಹೊರಗೆ ತರೋದು ನನ್ನ ಕೆಲಸ ಮೇಷ್ಟ್ರೇ. ಹೊರಗಿರೋದನ್ನ ಒಳಗೆ ಹಾಕೋಕೆ ಓದಿದೋರೇ ಬೇಕು. ಅದು ನಿಮಗೆ ಬಿಟ್ಟಿದ್ದು."

ಇಂಥ ಮಾತಿಗಾಗಿ ನಾನು ಹುಟ್ಟಿದಾಗಿನಿಂದ ಕಾಯುತ್ತಿದ್ದೆ. ಶಾಲೆಗೆ ಒಂದು ಮನವಿ ಬರೆದೆ. ನಾಗರಿಕತೆಗಳು ನೀರಿನ ದಡದಲ್ಲಿ ಹುಟ್ಟಿದ್ದರಿಂದ ಹಿಡಿದು, ನೀರು ಮನುಷ್ಯರನ್ನು ಬೇರ್ಪಡಿಸಬಾರದು ಎನ್ನುವವರೆಗೆ ಎಲ್ಲವೂ ಅದರಲ್ಲಿತ್ತು. ಅಲ್ಪವಿರಾಮಗಳನ್ನು ಒಂದೊಂದಾಗಿ ತೂಗಿ ಇಟ್ಟೆ. ಓದಿ ಹೇಳಿದಾಗ ಅತ್ತಿಗೆ, "ತುಂಬಾ ಚೆನ್ನಾಗಿದೆ, ಯಾರೋ ತೀರಿಕೊಂಡ ಹಾಗಿದೆ" ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಶಾಲೆಯ ಹೆಡ್ ಮೇಡಂ ನಮ್ಮನ್ನು ಕರೆಸಿದರು. ಮೇಜಿನ ಮೇಲೆ ಸೀಮೆಸುಣ್ಣದ ಡಬ್ಬಿ, ಯಾರೋ ಕಳೆದುಕೊಂಡ ಒಂದು ಪುಟ್ಟ ಬೂಟು, ನನ್ನ ಮನವಿ. ಮೇಡಂ ಮನವಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಭಾಷೆ ಬಹಳ ಶುದ್ಧವಾಗಿದೆ. ಇದರಲ್ಲಿ ಮಗುವಿನ ಹೆಸರು ಎಲ್ಲಿದೆ?"

ಇರಲಿಲ್ಲ. ಒಂದು ಕೊಂಬು, ಒಂದು ದೀರ್ಘ ತಪ್ಪದಂತೆ ತಿದ್ದಿದವನು ಮಗುವನ್ನೇ ಬಿಟ್ಟಿದ್ದೆ.

ಮೇಡಂ ನನ್ನನ್ನು ಬಿಟ್ಟು ಹುಷಾರಣ್ಣನ ಕಡೆ ತಿರುಗಿದರು. "ಮಗು ಹುಷಾರಾ?"

"ಹೂಂ ಮೇಡಂ. ಮೊನ್ನೆ ಸ್ವಲ್ಪ ಕೆಮ್ಮಿತ್ತು, ಈಗ ಹುಷಾರು."

"ಆರೋಗ್ಯ ಕೇಳಿದ್ದಲ್ಲ."

"ಓ, ಅದಾ. ಭಾಳ ಹುಷಾರು. ಮೆಟ್ಟಿಲು ಇಳಿಯೋವಾಗ ನನಗೇ ಹೇಳ್ತಾಳೆ."

ನನಗೆ ತಡೆಯಲಾಗಲಿಲ್ಲ. "ಮೇಡಂ, ಈ ಪದಕ್ಕೆ ಎಚ್ಚರಿಕೆ, ಆರೋಗ್ಯ, ಜಾಣತನ ಅಂತ ಮೂರು ಅರ್ಥ. ನೀವು ಕೇಳಿದ್ದು ಮೂರನೇದು. ಇವನು ಬಳಸೋದು ಮೊದಲನೇದು..."

"ತಾವು ಯಾರು?"

"ಮನವಿ ಬರೆದವನು."

"ಓ, ಹೆಸರು ಬಿಟ್ಟವರು," ಎಂದರು ಮೇಡಂ.

ಮೇಡಂ ಕೆಟ್ಟವರಲ್ಲ. ಇರುವುದನ್ನು ಇದ್ದ ಹಾಗೆ ಹೇಳಿದರು. ತರಗತಿ ತುಂಬಿದೆ. ವ್ಯಾಪ್ತಿಯ ಮಕ್ಕಳೆಲ್ಲ ಸೇರಿಯಾಗಿದೆ. ಹೊರಗಿನವರ ಸರದಿಯಲ್ಲಿ ಇವಳೇ ಮೊದಲು. ಶಾಲೆ ಶುರುವಾಗುವ ಮುಂಚೆ ಯಾರಾದರೂ ಬಿಟ್ಟುಹೋದರೆ ಆ ಜಾಗ ಇವಳಿಗೆ. ಶುರುವಾದ ಮೇಲೆ ಆ ವರ್ಷಕ್ಕೆ ಮುಗಿಯಿತು.

"ಕಾಲುವೆ ಏನು ಮಹಾ ಮೇಡಂ, ಮಂಚದ ಹಲಗೆ ಹಾಕಿದ್ರೆ ದಾಟ್ಬೋದು," ಎಂದ ಹುಷಾರಣ್ಣ ಏಳುತ್ತ.

"ಹಲಗೆ ಹಾಕಿ ಈ ವ್ಯಾಪ್ತಿಯ ಗೆರೆ ಎಳೆದ ಹೆಡ್ ಆಫೀಸನ್ನೂ ದಾಟಿಸೋಕೆ ಆಗತ್ತಾ ನೋಡಿ," ಎಂದರು ಮೇಡಂ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು. ಹೊರಗೆ ಬಂದಾಗ ಚಿಕ್ಕವಳು ತನ್ನ ಖಾಲಿ ಚೀಲವನ್ನು ಆಮೆಯ ಕೊಕ್ಕೆಗೆ ಹಾಕಿ ಕಾವಲು ಕೂತಿದ್ದಳು.

ಊರಲ್ಲಿ ಯಾರು ಬಿಟ್ಟುಹೋಗುತ್ತಾರೆ ಎಂಬುದು ಶಾಲೆಗಿಂತ ಮೊದಲು ಗೊತ್ತಾಗುವುದು ಸಾಮಾನು ಸಾಗಿಸುವವನಿಗೆ. ಆದರೂ ಅದು ಅವನಿಗೆ ಹೊಳೆಯಲಿಲ್ಲ, ನನಗಂತೂ ಹೊಳೆಯುವ ಪ್ರಶ್ನೆಯೇ ಇಲ್ಲ. ಹೊಳೆದದ್ದು ಅತ್ತಿಗೆಗೆ. "ಕನ್ನಡಕದಂಗಡಿಯವರು ಲಾರಿ ಕೇಳಿದ್ರು ಅಂದ್ರಲ್ಲ, ಅವರ ಮಗನೂ ಒಂದನೇ ಕ್ಲಾಸಿಗೇ ತಾನೆ?"

ಹೌದು. ಶಾಲೆಯ ಹಿಂದಿನ ಬೀದಿಯಲ್ಲಿ, ಮಹಡಿಯ ಮನೆಯಲ್ಲಿ ಅವರ ವಾಸ. ಹೆಂಡತಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ಬೇರೆ ಊರಿಗೆ ವರ್ಗವಾಗಿತ್ತು. ಅವರು ಹೊರಡಲು ತುದಿಗಾಲಲ್ಲಿ ನಿಂತಿದ್ದರು. ಗಂಡನಿಗೆ ಮನಸ್ಸಿರಲಿಲ್ಲ. ಮನಸ್ಸಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ, ಹಾಗಾಗಿ ಬೀರುವಿನ ಹಿಂದೆ ಅಡಗಿಕೊಂಡಿದ್ದರು. ಅದು ಅವರ ತಾಯಿಯ ಕಾಲದ ಮೂರು ಬಾಗಿಲಿನ ಬೀರು. ಬಡಗಿ ಕೋಣೆಯೊಳಗೇ ಕೂತು ಮಾಡಿದ್ದು, ಹೊರಜಗತ್ತನ್ನು ಕಂಡೇ ಇರಲಿಲ್ಲ. ಬಿಚ್ಚಲು ಬರುವುದಿಲ್ಲ, ಕೊಯ್ಯಲು ಅವರು ಬಿಡುವುದಿಲ್ಲ. 'ಬೀರು ಬರಲ್ಲ ಅಂದ್ರೆ ನಾನೂ ಬರಲ್ಲ' ಎಂಬುದು ಅವರ ಕೊನೆಯ ಮಾತು. ಆ ಮಾತಿನ ಮೇಲೆ ದಿನಗಳು ಕಳೆದು ಶಾಲೆ ಶುರುವಾಗುವ ವಾರ ಬಂದಿತ್ತು.

ಬೀರು ನೋಡಲು ಹೋಗುವ ದಿನ ಹೆಂಡತಿಯ ತಮ್ಮನಿಗೆ ಬೆನ್ನು ಹಿಡಿದುಕೊಂಡಿತು. ಬದಲಿಗೆ ನಾನು ಹೋದೆ. ನನ್ನನ್ನು ನೋಡಿದ ಕನ್ನಡಕದಂಗಡಿಯವರ ಹೆಂಡತಿ, ಅಂದರೆ ಬ್ಯಾಂಕಿನವರು, "ಇನ್ನೊಬ್ಬರು ಯಾವಾಗ ಬರ್ತಾರೆ?" ಎಂದು ಕೇಳಿದರು.

ಹುಷಾರಣ್ಣ ಬೀರುವನ್ನು ತೋಳಿನಲ್ಲಿ ಅಳೆದ. ಮೆಟ್ಟಿಲಿನ ತಿರುವನ್ನು ಅಳೆದ. ಮತ್ತೆ ಬಂದು ಬೀರುವನ್ನು ಅಳೆದ.

"ಮೆಟ್ಟಿಲಲ್ಲಿ ಬರಲ್ಲ ಸಾರ್."

ಕನ್ನಡಕದಂಗಡಿಯವರ ಮುಖ ಅರಳಿತು. "ನೋಡಿದ್ಯೇನೇ, ನಾನು ಹೇಳಿರ್ಲಿಲ್ವಾ? ಅವರೇ ಹೇಳ್ತಿದಾರೆ. ಹೋಗ್ಲಿ ಬಿಡು, ಬರೆದುಕೊಡು ಬ್ಯಾಂಕಿಗೆ, ಬರೋದಿಲ್ಲ ಅಂತ."

ನಾನು ಅವನ ಅಂಗಿ ಜಗ್ಗಿದೆ. "ಬರತ್ತೆ ಅನ್ನೋ. ಮಗು ಸೀಟು ಕಣೋ."

"ಬರದೇ ಇರೋದನ್ನ ಬರತ್ತೆ ಅಂತ ಹೇಗೆ ಹೇಳ್ಲಿ ಮೇಷ್ಟ್ರೇ?" ಎಂದು ಅವನು ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಗುಟ್ಟಿನ ಮಾತು ಅವನಿಗೆ ಬರುತ್ತಿರಲಿಲ್ಲ. ಬಾಯಿಗೆ ಬಂದದ್ದು ಬೀದಿಯ ಆ ತುದಿಗೆ ಕೇಳುವಂತೆ ಹೇಳುವುದೇ ಅವನ ಅಭ್ಯಾಸ. ಆಮೇಲೆ ಬಾಲ್ಕನಿಗೆ ಹೋಗಿ ಬಹಳ ಹೊತ್ತು ಕೆಳಗೆ ನೋಡುತ್ತ ನಿಂತ. "ಇಲ್ಲಿಂದ ಬರತ್ತೆ. ಈ ಬಾಗಿಲ ರೆಕ್ಕೆ, ಈ ಕಂಬಿ ಬಿಚ್ಚಿ ಆಮೇಲೆ ಹಾಕಿಕೊಡ್ತೀನಿ. ಹಗ್ಗದಲ್ಲಿ ಇಳಿಸೋಣ."

"ಒಂದು ಬೀರುಗೆ ಇಷ್ಟೆಲ್ಲಾ ಯಾಕಣ್ಣ ಒದ್ದಾಡ್ತೀರಾ?" ಎಂದು ಬ್ಯಾಂಕಿನವರು ಕೇಳಿದರು.

"ನಿಮ್ಮ ಮಗ ಹೋದ್ರೆ ಆ ಸೀಟು ನನ್ನ ಮಗಳಿಗೆ ಮೇಡಂ."

ನಾನು ಕಣ್ಣು ಮುಚ್ಚಿಕೊಂಡೆ. ಕನ್ನಡಕದಂಗಡಿಯವರು ತಮ್ಮ ಕನ್ನಡಕ ತೆಗೆದು ಒರೆಸಿದರು. "ಅಂದ್ರೆ ನಾವು ಯಾವಾಗ ತೊಲಗ್ತೀವಿ ಅಂತ ಕಾಯ್ತಿದೀರಾ?"

"ಹೌದು ಸಾರ್. ಆದ್ರೆ ಹುಷಾರಾಗಿ ತೊಲಗ್ಲಿ ಅಂತ."

ಮೊದಲು ನಕ್ಕವರು ಬ್ಯಾಂಕಿನವರು. ಆಮೇಲೆ ಅವರ ಗಂಡನಿಗೂ ನಗದೆ ವಿಧಿಯಿರಲಿಲ್ಲ.

ಬೀರುವಿಗೆ ಕಂಬಳಿ ಸುತ್ತಿ ಬಾಲ್ಕನಿಯ ಅಂಚಿಗೆ ತಂದೆವು. ಒಂದು ಹಗ್ಗ ಅವನ ಕೈಯಲ್ಲಿ, ಇನ್ನೊಂದು ನನ್ನ ಸೊಂಟಕ್ಕೆ ಸುತ್ತಿ ನನ್ನ ಕೈಯಲ್ಲಿ. ಕೆಳಗೆ ಬೀದಿಯವರು ಸೇರಿದ್ದರು. ಕೆಲವರು ಸಲಹೆ ಕೊಡುತ್ತಿದ್ದರು, ಉಳಿದವರು ಆ ಸಲಹೆಗಳನ್ನು ತಿದ್ದುತ್ತಿದ್ದರು. ಬೀರು ಅಂಚು ದಾಟಿ ಗಾಳಿಯಲ್ಲಿ ತೂಗಿದ ಗಳಿಗೆಯಲ್ಲಿ ನನ್ನ ಕನ್ನಡಕ ಹಳೆಯ ಅಭ್ಯಾಸದಂತೆ ಮೂಗಿನ ತುದಿಗೆ ಜಾರಿತು.

"ಲೋ, ಹಿಡಿಯೋ!"

ಅಷ್ಟು ವರ್ಷಗಳ ಸ್ನೇಹದಲ್ಲಿ ಅವನು ನನ್ನನ್ನು ಮೇಷ್ಟ್ರೇ ಎನ್ನದೆ, ನೀವು ಎನ್ನದೆ ಮಾತಾಡಿಸಿದ್ದು ಅದೊಂದೇ ಸಲ. ನಾನು ಹಿಡಿದೆ. ಕನ್ನಡಕ ಬಿದ್ದು ಬಾಲ್ಕನಿಯಿಂದ ಆಚೆಗೆ ಹೋಯಿತು, ನಾನು ಬಿಡಲಿಲ್ಲ. ಎದುರಿಗೆ ಎಲ್ಲ ಮಸುಕಾಗಿ, ಮಸುಕಿನ ನಡುವೆ ಅವನ ಹುಷಾರು, ಹುಷಾರು ಎಂಬ ದನಿಯೊಂದೇ ಸ್ಪಷ್ಟವಾಗಿ ಕೇಳುತ್ತಿತ್ತು. ಬೀರು ನೆಲ ಮುಟ್ಟಿದ್ದು ನನಗೆ ಕಾಣಿಸಲಿಲ್ಲ. "ಬಿಡಿ ಮೇಷ್ಟ್ರೇ, ಆಯ್ತು" ಎಂದು ಅವನು ಹೇಳಿದ ಮೇಲೂ ಕೈ ಬಿಡಿಸಲು ಅವನೇ ಬರಬೇಕಾಯಿತು.

ಕನ್ನಡಕದಂಗಡಿಯವರು ಬೀದಿಯಲ್ಲಿ ನಿಂತ ತಮ್ಮ ತಾಯಿಯ ಬೀರುವನ್ನು ಸವರುತ್ತಿದ್ದಾಗ ಅವರ ಹೆಂಡತಿ ಸಾವಧಾನವಾಗಿ ಇಳಿದು ಬಂದರು.

"ಹೊಸ ಮನೆ ಬಾಗಿಲು ಅಳೆದಿದೀನಿ ರೀ. ಇದು ಅಲ್ಲಿ ಒಳಗೆ ಹೋಗಲ್ಲ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೊರಡ್ತಿದ್ರಾ? ಅಣ್ಣ, ಇದನ್ನ ಮತ್ತೆ ಮೇಲೆ ಏರಿಸೋಕೆ ಆಗತ್ತಾ?"

"ಇಳಿಸ್ಬೋದು ಮೇಡಂ. ಏರಿಸೋಕೆ ಆಗಲ್ಲ," ಎಂದ ಹುಷಾರಣ್ಣ.

ಕನ್ನಡಕದಂಗಡಿಯವರು ಹೆಂಡತಿಯನ್ನೂ ಬೀರುವನ್ನೂ ಮಹಡಿಯನ್ನೂ ನೋಡಿದರು. ಕೊನೆಗೆ ಹುಷಾರಣ್ಣನನ್ನು ಕೇಳಿದರು. "ನಿಮ್ಮ ಮನೆ ಬಾಗಿಲು ಹೇಗಿದೆ?"

ಆ ಪ್ರಶ್ನೆಯನ್ನು ಒಬ್ಬರಾದರೂ ಕೇಳಲಿ ಎಂದೇ ಅವನು ಕಾಲುವೆಯಾಚೆಯ ಆ ಮನೆಗೆ ಬಂದಿದ್ದನೇನೋ. ಕಾಲುವೆಯ ಸೇತುವೆ ದಾಟಿ ಬಂದ ಬೀರು ಅಡ್ಡ ತಿರುಗದೆ, ಎಲ್ಲೂ ತಾಗದೆ, ನೇರವಾಗಿ ಒಳಗೆ ಹೋಯಿತು. ಅವನು ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬ್ಯಾಂಕಿನವರು ಶಾಲೆಗೆ ಹೋಗಿ ಮಗನ ವರ್ಗಾವಣೆ ಪತ್ರ ತೆಗೆದುಕೊಂಡರು. ಹೆಡ್ ಮೇಡಂ ಚಿಕ್ಕವಳ ಹೆಸರನ್ನು ತಾವೇ ಬರೆದುಕೊಂಡರು, ನನ್ನನ್ನು ಬರೆಯಲು ಬಿಡಲಿಲ್ಲ. ಶಾಲೆ ಶುರುವಾದ ದಿನ ನಾನು ಹೊಸ ಕನ್ನಡಕ ಹಾಕಿಕೊಂಡು ನೋಡಲು ಹೋಗಿದ್ದೆ. ಅಂಗಡಿ ಖಾಲಿ ಮಾಡುವ ಮೊದಲು ಕನ್ನಡಕದಂಗಡಿಯವರು ಮಾಡಿಕೊಟ್ಟದ್ದು, ಕಿವಿಯ ಹಿಂದೆ ಬಿಗಿಯಾಗಿ ಕೂರುವಂಥದು. ಹುಷಾರಣ್ಣ ಎರಡು ಕೈಗಳಲ್ಲಿ ಇಬ್ಬರು ಮಕ್ಕಳನ್ನು ಹಿಡಿದು ಒಂದೇ ಗೇಟಿನೊಳಗೆ ಹೋದ. ಅವನು ಅಷ್ಟು ಮೆಲ್ಲಗೆ ನಡೆದದ್ದನ್ನು ನಾನು ಬೇರೆಂದೂ ಕಂಡಿಲ್ಲ. ಚಿಕ್ಕವಳು ಆಮೆಗೆ ಚೀಲ ಹಾಕಿ ಒಳಗೆ ಹೋದ ಮೇಲೂ ಅವನು ಜಗಲಿಯಲ್ಲಿ ನಿಂತೇ ಇದ್ದ. ಹೆಡ್ ಮೇಡಂ ಬಂದು, "ಇನ್ನು ಬಿಡಿ, ನಾವು ಹಿಡ್ಕೊಂಡಿದೀವಿ" ಎಂದರು. ಅವನ ಕಸುಬಿನ ಮಾತು ಅವರಿಗೆ ಹೇಗೆ ಗೊತ್ತಿತ್ತೋ, ಅಥವಾ ಗೊತ್ತಿಲ್ಲದೆಯೇ ಹೇಳಿದರೋ.

ಈಗ ಚಿಕ್ಕವಳು ಆ ಶಾಲೆಯ ಕೊನೆಯ ತರಗತಿಯಲ್ಲಿದ್ದಾಳೆ. ದೊಡ್ಡವಳು ಹೈಸ್ಕೂಲಿಗೆ ಹೋಗುತ್ತಾಳೆ. ಹೈಸ್ಕೂಲು ಇನ್ನೊಂದು ದಿಕ್ಕಿನಲ್ಲಿದೆ, ಅತ್ತಿಗೆಯದು ಈಗಲೂ ಬೆಳಗಿನ ಪಾಳಿ. ಎರಡು ಗೇಟಿನ ಕಷ್ಟ ಮತ್ತೆ ಬಂತು, ಈ ಸಲ ಅಪ್ಪನೂ ಇಲ್ಲ. ದೊಡ್ಡವಳು ತಾನೊಬ್ಬಳೇ ಹೋಗುತ್ತೇನೆ ಎಂದಳು. ಚಿಕ್ಕವಳೂ ಹಾಗೇ ಎಂದಳು. ಆದರೆ ಸಾವಿನ ದಿನಗಳು ಕಳೆದು ಅವಳು ಮತ್ತೆ ಶಾಲೆಗೆ ಹೊರಟ ದಿನ ನಾನು ಅವಳ ಜೊತೆ ಹೋಗುತ್ತೇನೆಂದು ಹಟ ಹಿಡಿದೆ. ಅವಳಿಗಿಂತ ನನಗೇ ಅದು ಬೇಕಾಗಿತ್ತು ಎಂದು ಅವಳಿಗೆ ಗೊತ್ತಿದ್ದಿರಬೇಕು, ಬೇಡ ಎನ್ನಲಿಲ್ಲ.

ಹೊರಡುವಾಗ ಅವಳು ಆ ಬೀರುವಿನ ನಡುವಿನ ಬಾಗಿಲು ತೆಗೆದು ಸಮವಸ್ತ್ರದ ಕೋಟು ತೆಗೆದುಕೊಂಡಳು. ಕೆಳಗಿನ ಅರೆಯಲ್ಲಿ ಅವನ ಹಗ್ಗದ ಸುರುಳಿಗಳು ಸುತ್ತಿಟ್ಟ ಹಾಗೇ ಇದ್ದವು. ಇಬ್ಬರೂ ಅವನ್ನು ನೋಡದವರಂತೆ ಬಾಗಿಲು ಮುಚ್ಚಿದೆವು.

ಚೀಲ ನಾನು ಹೊತ್ತಿದ್ದೆ. ಸೇತುವೆಯಲ್ಲಿ ಒಂದು ಕಲ್ಲು ಅಲುಗಾಡುತ್ತದೆ. ಅಲ್ಲಿ ಬಂದಾಗ ಅವಳು ನನ್ನ ಕಡೆ ನೋಡದೆಯೇ, "ಹುಷಾರು ಚಿಕ್ಕಪ್ಪ" ಎಂದಳು. ನಾನು ಆ ಕಲ್ಲು ತಪ್ಪಿಸಿ ಕಾಲಿಟ್ಟೆ. ಗೇಟಿನಲ್ಲಿ ಹೆಡ್ ಮೇಡಂ ನಿಂತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳ ತಲೆ ಸವರಿ ನನ್ನನ್ನು ಕೇಳಿದರು. "ಹುಷಾರಾಗಿದಾಳಾ?" ಯಾವ ಅರ್ಥದಲ್ಲಿ ಕೇಳಿದರೆಂದು ವಿಚಾರಿಸುವ ಕರಡು ತಿದ್ದುವವನು ಆ ಹೊತ್ತಿಗೆ ನನ್ನೊಳಗೆ ಇರಲಿಲ್ಲ. ಹೂಂ ಎಂದೆ.

ಅವಳು ಚೀಲಕ್ಕೆ ಕೈ ಹಾಕಿದಳು. ನಾನು ಇನ್ನೂ ಹಿಡಿದುಕೊಂಡೇ ಇದ್ದೆ. ಗಂಟೆ ಹೊಡೆಯಿತು.

"ಚಿಕ್ಕಪ್ಪ, ಹಿಡಿದಿದೀನಿ. ಬಿಡಿ."

ಬಿಟ್ಟೆ. ಅವಳು ಒಳಗೆ ಹೋದಳು. ಮುದ್ರಣಾಲಯಕ್ಕೆ ಬಂದು ಕೂತ ಮೇಲೆ ಗೊತ್ತಾಯಿತು, ದಾರಿಯಲ್ಲಿ ಕೈ ತುಂಬಿತೆಂದು ಅವಳ ಚೀಲದಲ್ಲಿ ತುರುಕಿದ್ದ ನನ್ನ ಊಟದ ಡಬ್ಬಿಯೂ ಅವಳ ಜೊತೆ ಮೊದಲ ಪಾಠಕ್ಕೆ ಹಾಜರಾಗಿತ್ತು.